ಮೊದಲು ತಾರೀಖು, ಆಮೇಲೆ ಉರಿ

"ಸಿಸ್ಟರೇ, ಒಂದಕ್ಕೆ ಹೋದ್ರೆ ಉರಿ. ಮುಟ್ಟೂ ಸರಿಯಿಲ್ಲ."

ಕೊಡಗಿನ ಸಿದ್ದಾಪುರ ಕಡೆಯ ಒಂದು ಉಪಕೇಂದ್ರದಲ್ಲಿ ಕೆಲಸ ಮಾಡುವ ನನಗೆ ಈ ಎರಡು ಮಾತು ಜೋಡಿಯಾಗಿ ಕೇಳಿ ಕೇಳಿ ಅಭ್ಯಾಸವಾಗಿದೆ. ಹೇಳುವವರ ಮನಸ್ಸಿನಲ್ಲಿ ಎರಡೂ ಒಂದೇ ಕಾಯಿಲೆ. ಉರಿ ಬಂದಿದ್ದಕ್ಕೆ ಮುಟ್ಟು ಕೆಟ್ಟಿತು ಅಂತ ಕೆಲವರು, ಮುಟ್ಟು ಸರಿಯಾಗಿ ಹೋಗದೆ ಒಳಗೇ ಉಷ್ಣ ನಿಂತು ಉರಿಯಾಯಿತು ಅಂತ ಇನ್ನು ಕೆಲವರು. ಮೂತ್ರ ಬರುವ ದಾರಿ ಬೇರೆ, ಮುಟ್ಟು ಬರುವ ದಾರಿ ಬೇರೆ ಎಂಬುದೇ ಗೊತ್ತಿಲ್ಲದೆ ಮೂರು ಮಕ್ಕಳನ್ನು ಹೆತ್ತವರಿದ್ದಾರೆ. ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ಪೆನ್ನಿನಿಂದ ಗೀಚಿ ತೋರಿಸುತ್ತೇನೆ. ನಕ್ಕು ಮುಖ ಮುಚ್ಚಿಕೊಳ್ಳುತ್ತಾರೆ, ಆದರೆ ನೋಡುತ್ತಾರೆ.

ಅವರಿಗೆ ಪಾಠ ಹೇಳುವ ನಾನೇ ಒಮ್ಮೆ ದೊಡ್ಡ ತಪ್ಪು ಮಾಡಿದ್ದೆ.

ಕಾಫಿ ಕೊಯ್ಲಿನ ಸಮಯ. ತೋಟದ ಕೂಲಿಯವರು ಸಾಲಾಗಿ ವಾಸವಿರುವ ಲೈನ್ ಮನೆಯ ಒಬ್ಬಾಕೆ ಉರಿ, ಸೊಂಟನೋವು ಅಂತ ಬಂದಳು. ಪಿಎಚ್‌ಸಿಗೆ ಕರೆದುಕೊಂಡು ಹೋಗಿ ಮೂತ್ರ ಪರೀಕ್ಷೆ ಮಾಡಿಸಿದೆ. ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿಯಲ್ಲಿ ರಕ್ತದ ಬಣ್ಣ ಗಾಢವಾಗಿ ಬಂತು. ಡಾಕ್ಟರು ಅವತ್ತು ಮೀಟಿಂಗಿಗೆ ಹೋಗಿದ್ದರು. ಇದು ಕಲ್ಲೇ ಇರಬೇಕು ಅಂತ ನಾನೇ ತೀರ್ಮಾನಿಸಿ, ಮಡಿಕೇರಿಗೆ ಹೋಗಿ ಸ್ಕ್ಯಾನ್ ಮಾಡಿಸು ಅಂದೆ. ಬಸ್ಸಿನ ದುಡ್ಡು, ಎರಡು ದಿನದ ಕೂಲಿ ಎಲ್ಲ ಹೋಯಿತು. ಸ್ಕ್ಯಾನಿನಲ್ಲಿ ಕಲ್ಲೂ ಇಲ್ಲ, ಏನೂ ಇಲ್ಲ. ವಾಪಸು ಬಂದವಳು ತಣ್ಣಗೆ ಹೇಳಿದಳು: "ಅವತ್ತು ನಾನು ಮುಟ್ಟಾಗಿ ಎರಡನೇ ದಿನ ಸಿಸ್ಟರ್. ನೀವು ಕೇಳ್ಲೇ ಇಲ್ಲವಲ್ಲ."

ನಿಜ, ನಾನು ಕೇಳಿರಲಿಲ್ಲ. ಮುಟ್ಟಿನ ರಕ್ತ ಮೂತ್ರದ ಬಾಟಲಿಗೆ ಸೇರಿತ್ತು, ಅಷ್ಟೇ. ಅವಳಿಗೆ ಸೋಂಕು ಇದ್ದದ್ದು ಹೌದು, ಆದರೆ ಐದು ದಿನದ ಮಾತ್ರೆಯಲ್ಲಿ ಮುಗಿಯುವಂಥದ್ದು.

ಅವತ್ತಿನಿಂದ ನನ್ನ ಮೊದಲ ಪ್ರಶ್ನೆ ಉರಿಯ ಬಗ್ಗೆ ಅಲ್ಲ. ಕೊನೇ ಸಲ ಮುಟ್ಟಾಗಿದ್ದು ಯಾವಾಗ? ತಾರೀಖು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಬಟವಾಡೆಗೆ ಮೊದಲೋ ಆಮೇಲೋ, ಸಂತೆಗೆ ಹೋದಾಗ ಆಗಿತ್ತೋ ಇಲ್ಲವೋ, ಹೀಗೆ ಕೇಳಿದರೆ ಸರಿಯಾಗಿ ದಿನ ಸಿಗುತ್ತದೆ. ಮುಟ್ಟು ನಡೆಯುತ್ತಿದ್ದು, ಜ್ವರ ಗಿರ ಇಲ್ಲದಿದ್ದರೆ ರಕ್ತ ನಿಂತ ಮೇಲೆ ಮೂತ್ರ ಪರೀಕ್ಷೆ ಮಾಡಿದರೂ ಆಗುತ್ತದೆ. ಕಾಯುವ ಹಾಗಿಲ್ಲ ಅಂದರೆ ಚೆನ್ನಾಗಿ ತೊಳೆದುಕೊಂಡು, ಒಳಗೆ ಶುದ್ಧ ಹತ್ತಿ ಅಡ್ಡ ಇಟ್ಟು, ಮೊದಲು ಸ್ವಲ್ಪ ಹೊರಗೆ ಬಿಟ್ಟು ನಡುವಿನದನ್ನು ಬಾಟಲಿಗೆ ಹಿಡಿಯಬೇಕು. ಬಾಟಲಿಯನ್ನು ಲೈನ್ ಮನೆಯಲ್ಲಿ ತುಂಬಿಸಿ, ಚೀಲದಲ್ಲಿಟ್ಟು, ಆಟೋಗೆ ಕಾದು ತರುವುದನ್ನು ನಿಲ್ಲಿಸಿಬಿಟ್ಟಿದ್ದೇನೆ. 2 ಗಂಟೆಯೊಳಗೆ ಲ್ಯಾಬಿಗೆ ಸೇರದಿದ್ದರೆ, ಫ್ರಿಜ್ಜಿನಲ್ಲೂ ಇಡದಿದ್ದರೆ, ಬಾಟಲಿಯೊಳಗೇ ಕೀಟಾಣು ಬೆಳೆದು ಇಲ್ಲದ ಸೋಂಕು ಕಾಣಿಸಿಕೊಳ್ಳುತ್ತದೆ. ಅಲ್ಲೇ ಬಂದು ಅಲ್ಲೇ ಕೊಡಬೇಕು.

ತಾರೀಖು ಕೇಳುವುದರಿಂದ ಇನ್ನೊಂದು ಉಪಕಾರವಾಯಿತು. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳನ್ನು ಅತ್ತೆ ಕರೆತಂದಿದ್ದರು. ಪದೇಪದೇ ಒಂದಕ್ಕೆ ಹೋಗುತ್ತಾಳೆ, ಉಷ್ಣವಾಗಿದೆ, ಜೀರಿಗೆ ನೀರು ಕೊಟ್ಟರೂ ಕಡಿಮೆಯಾಗಿಲ್ಲ ಅಂದರು. ಲೆಕ್ಕ ಹಾಕಿದರೆ ಮುಟ್ಟಾಗಿ ಎರಡು ತಿಂಗಳು ಹತ್ತಿರ. ಬಸಿರು ಪರೀಕ್ಷೆಯ ನಿಶ್ಚಯ್ ಕಿಟ್ಟಿನಲ್ಲಿ ಎರಡು ಗೆರೆ. ಬಸಿರಿನ ಶುರುವಿನಲ್ಲಿ ಪದೇಪದೇ ಮೂತ್ರಕ್ಕೆ ಹೋಗುವುದು ಸಹಜವೇ. ಆದರೆ ಅವಳಿಗೆ ಉರಿಯೂ ಇತ್ತು. ಪರೀಕ್ಷೆ ಮಾಡಿಸಿದರೆ ಸೋಂಕೂ ಇತ್ತು. ಬಸಿರಿಯಲ್ಲಿ ಉರಿ ಇಲ್ಲದಿದ್ದರೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೆ ಔಷಧಿ ಕೊಡಲೇಬೇಕು, ಬಿಟ್ಟರೆ ಮೂತ್ರಪಿಂಡಕ್ಕೆ ಏರಬಹುದು, ಹೆರಿಗೆ ಬೇಗ ಆಗಬಹುದು. ಯಾವ ಮಾತ್ರೆ ಅನ್ನುವುದೂ ಬಸಿರಿನ ತಿಂಗಳ ಮೇಲೆ ನಿಂತಿದೆ. ಮೆಡಿಕಲ್ಲಿನಲ್ಲಿ "ಉರಿಮೂತ್ರಕ್ಕೆ ಒಂದು ಮಾತ್ರೆ ಕೊಡಿ" ಅಂತ ಕೇಳಿ ನುಂಗುವವರನ್ನು ಕಂಡರೆ ನನಗೆ ಹೆದರಿಕೆಯಾಗುವುದು ಇದಕ್ಕೇ.

ಮುಟ್ಟಿನ ಗಲಿಬಿಲಿಗೆ ಎಷ್ಟೋ ಸಲ ನಾವೇ ಕೊಟ್ಟ ಮದ್ದು ಕಾರಣವಾಗಿರುತ್ತದೆ. ಬಸಿರು ತಡೆಯಲು ಮೂರು ತಿಂಗಳಿಗೊಮ್ಮೆ ಹಾಕುವ 'ಅಂತರ' ಚುಚ್ಚುಮದ್ದು ತೆಗೆದುಕೊಂಡವರಲ್ಲಿ ಹನಿಹನಿ ರಕ್ತ ಹೋಗುವುದು, ಆಮೇಲೆ ಪೂರ್ತಿ ನಿಲ್ಲುವುದು ಸಾಮಾನ್ಯ. ಬಸಿರು ತಡೆಯುವ 'ಛಾಯಾ' ಮಾತ್ರೆಯವರಿಗೆ ಮುಟ್ಟು ತಡವಾಗುತ್ತದೆ. ಕಾಪರ್-ಟಿ ಇದ್ದವರಿಗೆ ಹೆಚ್ಚು ಹೋಗುತ್ತದೆ. ಇದನ್ನು ಕೊಡುವಾಗಲೇ ಹೇಳಿರುತ್ತೇವೆ, ಅವರು ಮರೆತಿರುತ್ತಾರೆ, ಅಷ್ಟರಲ್ಲಿ ಒಂದು ಉರಿ ಬಂದು ಎರಡೂ ಗಂಟುಬೀಳುತ್ತದೆ.

ಈಗ ನನ್ನದೇ ಕತೆ. ವಯಸ್ಸು 44. ಫೀಲ್ಡಿಗೆ ಹೊರಟರೆ ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಒಂದಕ್ಕೆ ಹೋಗುವ ಜಾಗವಿಲ್ಲ. ಯಾರ ಮನೆಯಲ್ಲಿ ಕೇಳುವುದು ಎಂಬ ಸಂಕೋಚ. ಅದಕ್ಕೆ ನೀರೇ ಕುಡಿಯುತ್ತಿರಲಿಲ್ಲ. ಊರಿಗೆಲ್ಲ ನೀರು ಕುಡಿಯಿರಿ ಅಂತ ಹೇಳಿಕೊಂಡು ತಿರುಗುವವಳ ಬಾಟಲಿ ಸಂಜೆಗೂ ತುಂಬಿಯೇ ಇರುತ್ತಿತ್ತು. ಒಂದು ದಿನ ಉರಿ ಶುರುವಾಯಿತು. ಹೋದರೆ ನಾಲ್ಕು ಹನಿ, ಬಂದು ಕೂತರೆ ಮತ್ತೆ ಅವಸರ. ಮನೆಯಲ್ಲಿ ಯಾವಾಗಲೋ ಉಳಿದಿದ್ದ ನಾರ್‌ಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಮಾತ್ರೆ ಇತ್ತು. ಎರಡು ದಿನ ನುಂಗಿದೆ, ಕಡಿಮೆಯಾಯಿತು, ನಿಲ್ಲಿಸಿದೆ. ನರ್ಸಿಂಗ್ ಓದಿದವಳು ಮಾಡುವ ಕೆಲಸವೇ ಇದು?

ಹತ್ತು ದಿನಕ್ಕೆ ಚಳಿಜ್ವರ, ಬಲಪಕ್ಕೆ ನೋವು, ವಾಂತಿ. ಇಷ್ಟೂ ಕಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿದೆ ಅಂತಲೇ ಅರ್ಥ, ಮನೆಯಲ್ಲಿ ಕೂರುವ ಹಾಗಿಲ್ಲ. ಅಡ್ಮಿಟ್ ಆದೆ. ಮೂತ್ರದ ಕೀಟಾಣು ಬೆಳೆಸಿ ನೋಡುವ ಕಲ್ಚರ್ ವರದಿ ಬರಲು ಎರಡು ದಿನ ಹಿಡಿಯಿತು. ಇ-ಕೊಲೈ ಎಂಬ ಬ್ಯಾಕ್ಟೀರಿಯಾ, ನಾನು ನುಂಗಿದ್ದ ಗುಂಪಿನ ಮಾತ್ರೆಗೆ ಬಗ್ಗದ ತಳಿ. ಇಂಥ ಸೋಂಕುಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗೆ ಇದೇ ಇ-ಕೊಲೈ ಕಾರಣ. ನಮ್ಮ ಕರುಳಿನಲ್ಲೇ ಇರುವಂಥದ್ದು. ಹೆಂಗಸರ ಮೂತ್ರನಾಳ ಬರೀ 4 ಸೆಂಟಿಮೀಟರ್ ಉದ್ದ, ಗಂಡಸರದ್ದು ಸುಮಾರು 20. ನಮ್ಮಲ್ಲಿ ಅದಕ್ಕೆ ದೂರದ ಪ್ರಯಾಣವೇನಿಲ್ಲ.

ಗುಣವಾಗಿ ಮನೆಗೆ ಬಂದ ಮೇಲೆ ಮುಟ್ಟು ಬರಲಿಲ್ಲ. ಒಂದು ವಾರ, ಎರಡು ವಾರ. ಅತ್ತೆ, "ಆ ಇಂಜೆಕ್ಷನ್ ಎಲ್ಲ ಉಷ್ಣ, ಅದಕ್ಕೇ ನಿಂತಿದೆ" ಅಂದರು. ನಾನು ಗುಟ್ಟಾಗಿ ಕಿಟ್ಟಿನಲ್ಲಿ ನೋಡಿಕೊಂಡೆ, ಒಂದೇ ಗೆರೆ. ಡಾಕ್ಟರಮ್ಮ ನನ್ನ ತಾರೀಖುಗಳನ್ನು ಬರೆದುಕೊಂಡು ಬಿಡಿಸಿ ಹೇಳಿದರು. ಮೂತ್ರದ ಸೋಂಕು ಮುಟ್ಟನ್ನು ನೇರವಾಗಿ ತಡೆಯುವುದಿಲ್ಲ. ಸಾಮಾನ್ಯ ಆಂಟಿಬಯೋಟಿಕ್ ಕೂಡ ತಡೆಯುವುದಿಲ್ಲ. ಆದರೆ ಜೋರು ಜ್ವರ, ಊಟ ಬಿಟ್ಟಿದ್ದು, ನಿದ್ದೆಗೆಟ್ಟಿದ್ದು, ಗಾಬರಿ, ಇವೆಲ್ಲ ಸೇರಿದರೆ ಅಂಡ ಬಿಡುಗಡೆ ಮುಂದಕ್ಕೆ ಹೋಗಬಹುದು. ಅಂಡ ಬಿಡುಗಡೆಯಾದ ಮೇಲೆ ಸುಮಾರು 14 ದಿನಕ್ಕೆ ಮುಟ್ಟು. ಆ ಲೆಕ್ಕ ಹೆಚ್ಚು ಅಲ್ಲಾಡುವುದಿಲ್ಲ. ಅಲ್ಲಾಡುವುದು ಅದರ ಮೊದಲಿನ ದಿನಗಳು. ನನಗೆ ಜ್ವರ ಬಂದದ್ದು ಮುಟ್ಟು ಮುಗಿದು ಮೂರನೇ ದಿನಕ್ಕೆ. ಸರಿಹೋಯಿತು.

ಆಮೇಲೆ ಅವರು ಇನ್ನೊಂದು ಮಾತು ಕೇಳಿದರು: "ಹಿಂದಿನ ಆರು ತಿಂಗಳು ಹೇಗಿತ್ತು?" ಹೇಳಲು ನನಗೇ ಬರಲಿಲ್ಲ. ಊರಿನ ಎಲ್ಲ ಬಸಿರಿಯರ ತಾರೀಖು ಬರೆದಿಡುವ ನನ್ನ ಹತ್ತಿರ ನನ್ನದೇ ತಾರೀಖು ಇರಲಿಲ್ಲ.

ಸಹಕಾರ ಸಂಘದವರು ಕೊಟ್ಟ ಗೋಡೆ ಕ್ಯಾಲೆಂಡರಿನಲ್ಲಿ ಅವತ್ತಿನಿಂದಲೇ ಗುರುತು ಹಾಕತೊಡಗಿದೆ. ಮುಟ್ಟಿಗೆ ಕೆಂಪು ಚುಕ್ಕೆ, ಉರಿಗೆ ನೀಲಿ ಗೀಟು. ಮಕ್ಕಳು ಕೇಳಿದರೆ ಗ್ಯಾಸ್ ಸಿಲಿಂಡರಿನ ಲೆಕ್ಕ ಅಂದೆ. ಮುಟ್ಟು 24 ದಿನಕ್ಕೊಮ್ಮೆ, ಮತ್ತೆ 40 ದಿನಕ್ಕೆ, ಮತ್ತೆ 26. ಸಾಮಾನ್ಯವಾಗಿ 21ರಿಂದ 35 ದಿನದೊಳಗೆ ಬರಬೇಕಾದದ್ದು ಹೀಗೆ ಕುಣಿಯತೊಡಗಿದರೆ, ನನ್ನ ವಯಸ್ಸಿನವರಿಗೆ ನಿಲ್ಲುವ ಕಾಲ ಹತ್ತಿರ ಬಂತು ಅಂತ. ಅದರ ನಡುವೆ ಎರಡು ನೀಲಿ ಗೀಟು, ಎರಡೂ ಮುಟ್ಟಿನ ಆಸುಪಾಸಿನಲ್ಲೇ. ಆ ದಿನಗಳಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದಿರುತ್ತದೆ. ಯೋನಿಯಲ್ಲಿ ಹುಳಿ ಉಳಿಸಿಕೊಂಡು ಬೇರೆ ಕೀಟಾಣು ಬರದಂತೆ ಕಾಯುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಈಸ್ಟ್ರೋಜನ್ನೇ ಆಸರೆ. ರಕ್ತ ಬೇರೆ ಆ ಹುಳಿಯನ್ನು ಕಡಿಮೆ ಮಾಡುತ್ತದೆ. ಎಲ್ಲರಿಗೂ ಹಾಗಾಗುತ್ತದೆ ಅಂತಲ್ಲ, ನನ್ನ ಕ್ಯಾಲೆಂಡರಿನಲ್ಲಿ ಹಾಗಿತ್ತು. ಆ ವಾರ ನಾನು ನೀರಿನ ವಿಷಯದಲ್ಲಿ ಹುಷಾರಾದೆ, ಪ್ಯಾಡನ್ನು ಸಂಜೆವರೆಗೆ ಎಳೆಯುವುದನ್ನು ಬಿಟ್ಟೆ.

ಆ ಕ್ಯಾಲೆಂಡರನ್ನೇ ಲೈನ್ ಮನೆಗಳಿಗೆ ಒಯ್ದೆ. ಓದು ಬಾರದವರಿಗೆ ತಾರೀಖು ಬೇಡ, ಕ್ಯಾಲೆಂಡರಿನ ಚೌಕ ಎಣಿಸಿದರೆ ಸಾಕು. ಒಬ್ಬಳಿಗೆ ಕ್ಯಾಲೆಂಡರ್ ಗೋಡೆಗೆ ಹಾಕಲು ನಾಚಿಕೆ, ಗಂಡನ ತಮ್ಮಂದಿರಿದ್ದಾರೆ ಅಂದಳು. ಅವಳು ಖಾಲಿ ಡಬ್ಬಿಯಲ್ಲಿ ದಿನಕ್ಕೊಂದು ಕರಿಮೆಣಸು ಹಾಕತೊಡಗಿದಳು. ಉರಿ ಬಂದ ದಿನ ಮೆಣಸಿನ ಬದಲು ಒಂದು ಕಾಫಿ ಬೀಜ. ಮುಟ್ಟಾದಾಗ ಡಬ್ಬಿ ತಂದು ನನ್ನೆದುರು ಸುರಿದಳು. 31 ಮೆಣಸು, 3 ಬೀಜ. ನನ್ನ ರಿಜಿಸ್ಟರಿಗಿಂತ ಚೊಕ್ಕ.

ಒಂದು ವರ್ಷದ ಗುರುತುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನೀಲಿ ಗೀಟು ದಟ್ಟವಾಗಿದ್ದದ್ದು ಎರಡು ಕಡೆ. ಜನವರಿಯಿಂದ ಮಾರ್ಚ್, ಅಂದರೆ ರೋಬಸ್ಟಾ ಕಾಫಿಯ ಕೊಯ್ಲು. ಇನ್ನೊಂದು ಜುಲೈ-ಆಗಸ್ಟಿನ ಮಳೆ. ಕೊಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕದ್ದು. ಒಂದಕ್ಕೆ ಅಂತ ಎದ್ದು ಹೋದರೆ ಆ ಹೊತ್ತಿನ ಕಿಲೋ ಹೋಯಿತು. ನೀರು ಕುಡಿದರೆ ತಾನೇ ಏಳಬೇಕು, ಅದಕ್ಕೆ ಕುಡಿಯುವುದೇ ಇಲ್ಲ. ಮಳೆಯಲ್ಲಿ ತೋಟದಲ್ಲಿ ಕೂತರೆ ಜಿಗಣೆ. ಬೆಳಗಿನ ಜಾವ ಹೊರಗೆ ಹೋಗೋಣವೆಂದರೆ ಆನೆ. ನಮ್ಮ ಕಡೆ ಇದು ತಮಾಷೆಯ ಮಾತಲ್ಲ. ಮಾಲ್ದಾರೆ, ತಿತಿಮತಿ ಕಡೆಯ ತೋಟಗಳಲ್ಲಿ ಹಗಲಲ್ಲೂ ಆನೆ ನಿಂತಿರುತ್ತದೆ. ರಾತ್ರಿ ಎಂಟಕ್ಕೆ ಬಾಗಿಲು ಹಾಕಿದರೆ ಬೆಳಗಾಗುವವರೆಗೆ ತಡೆದುಕೊಂಡೇ ಇರುವ ಹೆಂಗಸರಿಗೆ "ತಡೆಹಿಡಿಯಬೇಡಿ" ಅಂತ ಭಿತ್ತಿಪತ್ರ ತೋರಿಸುವುದು ಹೇಗೆ? ಅವರಿಗೆ ರಾತ್ರಿ ಒಳಗೇ ಮುಚ್ಚಳದ ಬಕೆಟ್ ಇಟ್ಟುಕೊಳ್ಳಿ ಅಂದೆ. ಅಸಹ್ಯ ಅಂದರು. ಒಬ್ಬಳು ಇಟ್ಟುಕೊಂಡಳು, ಮುಂದಿನ ತಿಂಗಳು ಆರು ಮನೆಯಲ್ಲಿತ್ತು.

ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಮುಟ್ಟಿನ ಬಟ್ಟೆಯನ್ನಂತೂ ಸೀರೆಯ ಅಡಿಯಲ್ಲಿ, ಕತ್ತಲ ಮೂಲೆಯಲ್ಲಿ ಹರವುತ್ತಾರೆ. ಹಸಿ ಬಟ್ಟೆಯಿಂದ ಹೊರಗಡೆ ತುರಿ, ಬಿಳಿಸೆರಗು ಬರುತ್ತದೆ, ಅದಕ್ಕೆ ಮೂತ್ರ ತಗುಲಿದರೆ ಉರಿಯುತ್ತದೆ; ಆ ಉರಿ ಮೂತ್ರಕೋಶದ ಸೋಂಕಿನದಲ್ಲ, ಅದಕ್ಕೆ ಮದ್ದು ಬೇರೆ. ಉರಿ ಒಳಗೋ, ಹೊರಗಿನ ಚರ್ಮಕ್ಕೋ, ತುರಿ ಇದೆಯೋ ಎಂದು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಬಟ್ಟೆಯನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಅಂತ ಹೇಳಿ ಒಬ್ಬ ಅಜ್ಜಿಯ ಕೈಲಿ ಚೆನ್ನಾಗಿ ಬೈಸಿಕೊಂಡಿದ್ದೇನೆ. ಒಲೆಯ ಹತ್ತಿರ ಮುಟ್ಟಿನ ಬಟ್ಟೆಯೇ! ಆಮೇಲೆ ಬೇರೆ ದಾರಿ ಹುಡುಕಿದೆವು, ಬಚ್ಚಲ ಹಂಡೆಯ ಒಲೆ. ಅದಕ್ಕೆ ಅಜ್ಜಿಯ ತಕರಾರಿರಲಿಲ್ಲ.

ನೀರಿನ ಬಗ್ಗೆ ತೋಟದ ಕೆಲಸ ನೋಡಿಕೊಳ್ಳುವ ರೈಟರ ಹತ್ತಿರ ಮಾತಾಡಲು ನನಗೆ ಒಂದು ಆಧಾರ ಬೇಕಿತ್ತು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ: ಕಡಿಮೆ ನೀರು ಕುಡಿಯುವ, ಪದೇಪದೇ ಸೋಂಕು ಬರುವ 140 ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿಸಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂತು, ಉಳಿದವರಿಗೆ 3.2 ಸಲ. ರೈಟರಿಗೆ ಅದನ್ನು ಹೇಳಿದೆ. ಅವರಿಗೆ ತಟ್ಟಿದ್ದು ಅಂಕಿಯಲ್ಲ, "ಕೊಯ್ಲಲ್ಲಿ ಇವರು ಮೂರು ದಿನ ಮಲಗಿದ್ರೆ ಹಣ್ಣು ನೆಲಕ್ಕೆ ಬೀಳುತ್ತೆ ಸಾರ್" ಎಂಬ ಮಾತು. ತೋಟ ಕಾರ್ಮಿಕರ 1951ರ ಕಾಯ್ದೆಯಲ್ಲೇ ಕುಡಿಯುವ ನೀರು, ಶೌಚಾಲಯ ಎರಡೂ ಇದ್ದವು ಎಂದೂ ನೆನಪಿಸಿದೆ, ಮೆಲ್ಲಗೆ. ಎರಡು ಕ್ಯಾನ್ ನೀರು ಬಂತು. ಕೊಯ್ಲು ನಡೆಯುವ ಕಡೆ ಕಂಬ ನೆಟ್ಟು ಟಾರ್ಪಾಲು ಸುತ್ತಿದ ಮರೆ ಬಂತು. ಶೌಚಾಲಯ ಇನ್ನೂ ಬಂದಿಲ್ಲ.

ಆಗಸ್ಟಿನ ಒಂದು ಸುಳ್ಳು ಗಾಬರಿಯನ್ನೂ ಹೇಳಿಬಿಡುತ್ತೇನೆ. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪಿನ ಪಾಯಸ. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ, ಇಲ್ಲಿನವರಿಗೆ ಗೊತ್ತು. ಹೊರಗಿನಿಂದ ಕೆಲಸಕ್ಕೆ ಬಂದವರಿಗೆ ಗೊತ್ತಿಲ್ಲ. ಅಸ್ಸಾಮಿನ ಹುಡುಗಿಯೊಬ್ಬಳು ಸಾವುಕಾರರ ಮನೆಯಲ್ಲಿ ಪಾಯಸ ತಿಂದು, ಮರುದಿನ ಅಳುತ್ತಾ ಬಂದಳು. ಉರಿ ಇಲ್ಲ, ನೋವಿಲ್ಲ, ಮುಟ್ಟಾಗಿ ಹದಿನೈದು ದಿನ. "ನಿನ್ನೆ ಏನು ತಿಂದೆ?" ಅಂದಾಗ ಪಕ್ಕದಲ್ಲಿದ್ದ ಆಶಾ ಕಾರ್ಯಕರ್ತೆಗೆ ನಗು ತಡೆಯಲಾಗಲಿಲ್ಲ.

ನಗು ಬಾರದ ಕೆಂಪೂ ಇದೆ. ಅರವತ್ತರ ಹತ್ತಿರದ ಒಬ್ಬರು "ನನಗೆ ಮತ್ತೆ ಮುಟ್ಟು ಶುರುವಾಗಿದೆ" ಅಂತ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ್ದರು. ಮುಟ್ಟು ನಿಂತು 12 ತಿಂಗಳಾದ ಮೇಲೆ ಒಂದು ಹನಿ ರಕ್ತ ಕಂಡರೂ ಅದು ಮುಟ್ಟಲ್ಲ, ತೋರಿಸಲೇಬೇಕು; ಗರ್ಭಕೋಶದ ಕ್ಯಾನ್ಸರ್ ಇಲ್ಲ ಅಂತ ಖಚಿತವಾಗಬೇಕು. ಅವರಿಗೆ ಒಳಗೆ ಹತ್ತಿ ಇಟ್ಟು ನೋಡಲು ಹೇಳಿದೆ. ಹತ್ತಿ ಬೆಳ್ಳಗೇ ಇತ್ತು, ಮೂತ್ರ ಕೆಂಪಗಿತ್ತು. ರಕ್ತ ಬರುತ್ತಿದ್ದದ್ದು ಮೂತ್ರದ ದಾರಿಯಿಂದ. ಆದರೂ ನಾನು ನನ್ನ ಹತ್ತಿಯನ್ನು ನಂಬಿ ಕೂರಲಿಲ್ಲ, ಎರಡನ್ನೂ ಪರೀಕ್ಷೆ ಮಾಡಿಸಿ ಅಂತ ಚೀಟಿ ಬರೆದು ಮಡಿಕೇರಿಯ ಆಸ್ಪತ್ರೆಗೆ ಕಳಿಸಿದೆ. ಸೋಂಕು, ಜೊತೆಗೆ ಯಾರಿಗೂ ಗೊತ್ತಿಲ್ಲದೆ ಏರಿದ್ದ ಸಕ್ಕರೆ. ಸಕ್ಕರೆ ಹತೋಟಿಗೆ ಬಂದ ಮೇಲೂ ಉರಿ ಮರುಕಳಿಸುತ್ತಿದ್ದರಿಂದ, ಯೋನಿಗೆ ಹಚ್ಚುವ ಈಸ್ಟ್ರೋಜನ್ ಮುಲಾಮು ಬರೆದುಕೊಟ್ಟರು. ಮುಟ್ಟು ನಿಂತವರಲ್ಲಿ ಇದು ಕೆಲಸ ಮಾಡುತ್ತದೆ. ಆದರೆ "ಈ ವಯಸ್ಸಲ್ಲಿ ಅಲ್ಲಿಗೆ ಮುಲಾಮಾ" ಅಂತ ಅವರು ಟ್ಯೂಬನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟುಬಿಟ್ಟಿದ್ದರು. ಎರಡು ಸಲ ಮನೆಗೆ ಹೋಗಿ, ಸೊಸೆಯನ್ನು ನೀರು ತರಲು ಕಳಿಸಿ, ಬಾಗಿಲು ಹಾಕಿ ಮಾತಾಡಿದ ಮೇಲೆ ಟ್ಯೂಬು ಹೊರಗೆ ಬಂತು.

ಮೊನ್ನೆ ಅವರ ಮನೆಗೆ ಹೋದಾಗ ಸೊಸೆಯೇ ಕ್ಯಾಲೆಂಡರ್ ತೋರಿಸಿದಳು. ಕೆಂಪು ಚುಕ್ಕೆ ಅವಳದ್ದು, ನೀಲಿ ಗೀಟು ಅತ್ತೆಯದ್ದು. ಮಾರ್ಚಿನಿಂದ ಈಚೆಗೆ ನೀಲಿ ಇರಲಿಲ್ಲ. ಕೆಂಪು ಮಾತ್ರ 38 ದಿನವಾದರೂ ಬಿದ್ದಿರಲಿಲ್ಲ. ನಾನು ಚೀಲದಿಂದ ಕಿಟ್ ತೆಗೆದೆ.