ಬೇಸಿಲ್ ಎಣ್ಣೆ: ನಾಲ್ಕು ದಿನಕ್ಕೆ ಸಾಕಾಗುವಷ್ಟು

ಬೇಸಿಲ್ ಗಿಡ ಒಮ್ಮೆ ಚಿಗುರಲು ಶುರುವಾದರೆ ನಿಲ್ಲುವುದೇ ಇಲ್ಲ. ಕಾಮಕಸ್ತೂರಿ ಅಂತ ಕರೆಯುವ ಗಿಡವೂ ಇದೇ ಜಾತಿಯದು. ಕುಡಿ ಚಿವುಟಿದಷ್ಟೂ ಕವಲೊಡೆಯುತ್ತದೆ. ಅಷ್ಟೊಂದು ಎಲೆಯನ್ನು ಏನು ಮಾಡುವುದು ಎಂದು ಯೋಚಿಸುತ್ತಿದ್ದಾಗಲೇ ನಾನು ಬೇಸಿಲ್ ಎಣ್ಣೆ ಮಾಡಲು ಹೊರಟಿದ್ದು.

ಮೊದಲ ಸಲ ಎಲೆ ತೊಳೆದು ಗಾಜಿನ ಬಾಟಲಿಗೆ ತುಂಬಿದೆ. ಮೇಲೆ ಆಲಿವ್ ಎಣ್ಣೆ ಸುರಿದು ಕಿಟಕಿಯ ಹತ್ತಿರ ಇಟ್ಟೆ. ಎರಡು ದಿನ ನೋಡಲು ತುಂಬಾ ಚೆನ್ನಾಗಿತ್ತು. ಐದನೇ ದಿನ ಎಲೆ ಕಪ್ಪಾಯಿತು. ತಳದಲ್ಲಿ ನೀರಿನ ಹನಿಗಳು ಕೂತಿದ್ದವು, ಎಲೆಗಳ ಸುತ್ತ ಸಣ್ಣ ಗುಳ್ಳೆ ಏಳುತ್ತಿತ್ತು. ಒಂದು ಹನಿಯನ್ನೂ ರುಚಿ ನೋಡದೆ ಚೆಲ್ಲಿಬಿಟ್ಟೆ. ಚೆಲ್ಲಿದ್ದು ಎಷ್ಟು ಒಳ್ಳೆಯದಾಯಿತು ಎಂದು ಆಮೇಲೆ ತಿಳಿಯಿತು.

ಎಣ್ಣೆಯಲ್ಲಿ ಮುಳುಗಿದ್ದಕ್ಕೆ ಗಾಳಿ ತಾಗುವುದಿಲ್ಲ, ಹಾಗಾಗಿ ಕೆಡುವುದಿಲ್ಲ ಎಂದು ನಾನು ನಂಬಿದ್ದೆ. ಇಲ್ಲಿ ಅಪಾಯ ಇರುವುದೇ ಗಾಳಿ ಇಲ್ಲದಿರುವುದರಲ್ಲಿ. ಕ್ಲೊಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಬೆಳೆಯುವುದು ಗಾಳಿ ಇಲ್ಲದ ಕಡೆ. ಅದರ ಬೀಜಾಣುಗಳು ಮಣ್ಣಿನಲ್ಲಿ ಎಲ್ಲೆಡೆ ಇರುತ್ತವೆ, ಎಲೆಯ ಮೇಲೂ ಇರಬಹುದು. ಹಸಿ ಎಲೆಯಲ್ಲಿ ನೀರಿದೆ, ಹುಳಿ ಇಲ್ಲ, ಸುತ್ತ ಎಣ್ಣೆ ಮುಚ್ಚಿದೆ. ಬಾಟಲಿಯನ್ನು ಫ್ರಿಜ್ಜಿನ ಹೊರಗೆ ಇಟ್ಟರೆ ಅದಕ್ಕೆ ಇನ್ನೇನೂ ಬೇಡ. ಅದು ಬಿಡುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿ ತಿಂದು 36 ಜನ ಬೊಟುಲಿಸಂ ಕಾಯಿಲೆಗೆ ಬಿದ್ದಿದ್ದರು. ಆ ಬೆಳ್ಳುಳ್ಳಿಯನ್ನು ಫ್ರಿಜ್ಜಿನಲ್ಲಿ ಇಟ್ಟಿರಲಿಲ್ಲ. ಬರೀ ನೀರಿನಲ್ಲಿ ಕುದಿಸಿದರೆ ಈ ಬೀಜಾಣು ಸಾಯುವುದೂ ಇಲ್ಲ. ಅದಕ್ಕೆ ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು.

ಇದನ್ನು ತಿಳಿದ ಮೇಲೆ ನಾನು ಒಂದು ತೀರ್ಮಾನಕ್ಕೆ ಬಂದೆ. ಬೇಸಿಲ್ ಎಣ್ಣೆ ಕೂಡಿಡುವ ವಸ್ತುವಲ್ಲ, ತಾಜಾ ಅಡುಗೆ. ನಾಲ್ಕು ದಿನದಲ್ಲಿ ಮುಗಿಯುವಷ್ಟೇ ಮಾಡಬೇಕು, ಮಾಡಿದ ಕೂಡಲೇ ಫ್ರಿಜ್ಜಿಗೆ ಹೋಗಬೇಕು.

ಎರಡನೇ ಸಲ ಎಣ್ಣೆ ಬಿಸಿ ಮಾಡಿ ಎಲೆ ಹಾಕಿದೆ. ಎಲೆ ಚಟಪಟ ಎಂದು ಹುರಿದೇ ಹೋಯಿತು. ಅಡುಗೆಮನೆ ತುಂಬಾ ಬೇಸಿಲ್ ಘಮ, ಎಣ್ಣೆಯಲ್ಲಿ ಮಾತ್ರ ಏನೂ ಇಲ್ಲ. ಬೇಸಿಲ್‌ನ ಪರಿಮಳ ಲಿನಲೂಲ್, ಯೂಜಿನಾಲ್‌ನಂಥ ಹಗುರ ಪದಾರ್ಥಗಳಿಂದ ಬರುವುದು. ಬಿಸಿ ತಾಗಿದರೆ ಹಾರಿಹೋಗುತ್ತವೆ.

ಈಗ ಮಾಡುವ ವಿಧಾನ ಬೇರೆ. ಹೂ ಬಿಡುವ ಮೊದಲೇ ಎಲೆ ಕೊಯ್ಯುತ್ತೇನೆ, ಹೂ ಬಂದ ಮೇಲೆ ಎಲೆಗೆ ಸ್ವಲ್ಪ ಒಗರು. ಕೊಯ್ದ ಕೊಂಬೆಯನ್ನು ಫ್ರಿಜ್ಜಿನಲ್ಲಿಡುವುದಿಲ್ಲ, ತಣ್ಣಗಾದರೆ ಎಲೆ ಕಪ್ಪಾಗುತ್ತದೆ. ಲೋಟದ ನೀರಿನಲ್ಲಿ ನಿಲ್ಲಿಸಿದರೆ ಸಾಕು. ಒಂದು ಸಲಕ್ಕೆ 30 ಗ್ರಾಂ ಎಲೆ, 120 ಮಿಲಿ ಎಣ್ಣೆ.

ಒಂದು ಪಾತ್ರೆಯಲ್ಲಿ ನೀರು ಕುದಿಸಿ, ಪಕ್ಕದಲ್ಲೇ ಐಸ್ ನೀರಿನ ಬಟ್ಟಲು ಇಟ್ಟುಕೊಳ್ಳಿ. ಎಲೆಯನ್ನು ಕುದಿವ ನೀರಿಗೆ ಹಾಕಿ ಹತ್ತು ಸೆಕೆಂಡಿಗೆ ತೆಗೆದು ಐಸ್ ನೀರಿಗೆ ಹಾಕಿ. ಹತ್ತೇ ಸೆಕೆಂಡ್, ಜಾಸ್ತಿ ಬೇಡ. ಎಲೆಯನ್ನು ಕಪ್ಪು ಮಾಡುವ ಕಿಣ್ವ ಆ ಬಿಸಿಗೆ ಸುಮ್ಮನಾಗುತ್ತದೆ, ಹಸಿರು ಉಳಿಯುತ್ತದೆ. ಒಂದು ನಿಮಿಷ ಬಿಟ್ಟರೆ ಬೇಯಿಸಿದ ಸೊಪ್ಪಿನ ವಾಸನೆ ಬರುತ್ತದೆ.

ನಾನು ತುಂಬಾ ಹೊತ್ತು ಕೊಡುವುದು ಇದರ ಮುಂದಿನ ಕೆಲಸಕ್ಕೆ. ಎಲೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡುತ್ತೇನೆ. ಆಮೇಲೆ ಬಟ್ಟೆಯ ಮೇಲೆ ಬಿಡಿಸಿ ಹರಡಿ, ಇನ್ನೊಂದು ಬಟ್ಟೆಯಿಂದ ಒತ್ತುತ್ತೇನೆ. ಬಟ್ಟೆ ಒದ್ದೆಯಾದರೆ ಬದಲಿಸಿ ಮತ್ತೆ ಒತ್ತುತ್ತೇನೆ. ಇಲ್ಲಿ ಬಿಟ್ಟ ನೀರೆಲ್ಲ ಎಣ್ಣೆಗೇ ಹೋಗುತ್ತದಲ್ವಾ? ಎಣ್ಣೆ ಮಬ್ಬಾಗುವುದೂ ಬೇಗ ಕೆಡುವುದೂ ಆ ನೀರಿನಿಂದಲೇ.

ಒಣಗಿದ ಎಲೆಯನ್ನು ಒರಟಾಗಿ ಹೆಚ್ಚಿ, ತಣ್ಣನೆ ಎಣ್ಣೆಯ ಜೊತೆ ಮಿಕ್ಸಿಗೆ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದರೆ ಜಾರ್ ಬಿಸಿಯಾಗುತ್ತದೆ. ಎಣ್ಣೆಯ ಬಗ್ಗೆ ಒಂದು ಮಾತು. ಕಟುವಾದ ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯನ್ನು ಮಿಕ್ಸಿಯಲ್ಲಿ ತಿರುಗಿಸಿದರೆ ನನಗೆ ಪ್ರತಿ ಸಲವೂ ಕಹಿ ಬಂದಿದೆ. ಸೌಮ್ಯ ರುಚಿಯ ಆಲಿವ್ ಎಣ್ಣೆಯಲ್ಲಿ ಬೇಸಿಲ್ ಮುಂದೆ ಬರುತ್ತದೆ.

ಸೋಸಲು ತೆಳು ಬಟ್ಟೆಯನ್ನು ಜರಡಿಯ ಮೇಲೆ ಹಾಸಿ ಸುರಿಯಿರಿ. ಹಿಂಡಬೇಡಿ, ತಾನಾಗಿಯೇ ಇಳಿಯಲಿ. ಅರ್ಧ ಗಂಟೆ ಸಾಕು. ಇಳಿದ ಎಣ್ಣೆಯನ್ನು ಉದ್ದನೆ ಲೋಟದಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಉಳಿದ ನೀರು ತಳದಲ್ಲಿ ಕಡು ಹಸಿರು ಹನಿಯಾಗಿ ಕೂರುತ್ತದೆ. ಮೇಲಿನದನ್ನು ಮೆಲ್ಲಗೆ ಬಾಟಲಿಗೆ ಬಗ್ಗಿಸಿ, ಕೊನೆಯ ಒಂದು ಚಮಚ ಬಿಟ್ಟುಬಿಡಿ. ಬಟ್ಟೆಯಲ್ಲಿ ಉಳಿದ ಹಸಿರು ಮುದ್ದೆಯನ್ನು ಉಪ್ಪು ಸೇರಿಸಿ ಅಂದೇ ಬ್ರೆಡ್ ಜೊತೆ ತಿನ್ನುತ್ತೇವೆ.

ಬಾಟಲಿಯ ಮೇಲೆ ತಾರೀಖು ಬರೆದು ಫ್ರಿಜ್ಜಿನಲ್ಲಿಡುತ್ತೇನೆ. 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಚಳಿಗೆ ಎಣ್ಣೆ ಗಟ್ಟಿಯಾಗಿ ಮಂಕಾಗುತ್ತದೆ, ಅದು ಕೆಟ್ಟಿದ್ದಲ್ಲ. ನಾಲ್ಕು ದಿನ ದಾಟಿದರೆ ಎಷ್ಟೇ ಘಮಘಮ ಇದ್ದರೂ ಚೆಲ್ಲುತ್ತೇನೆ. ಎಲೆ ಜಾಸ್ತಿ ಸಿಕ್ಕಾಗ ಅದೇ ದಿನ ಐಸ್ ಟ್ರೇಯಲ್ಲಿ ಸುರಿದು ಫ್ರೀಜರ್‌ಗೆ ಹಾಕುತ್ತೇನೆ. ಹೀಗಾದರೆ ಕೆಲವು ತಿಂಗಳು ಇರುತ್ತದೆ.

ಹೊರಗೇ ಇಡಬೇಕು ಅನ್ನುವವರಿಗೆ ಅಮೆರಿಕದ ಐಡಹೊ ವಿಶ್ವವಿದ್ಯಾಲಯದವರು ಪರೀಕ್ಷಿಸಿ ಕೊಟ್ಟ ವಿಧಾನ ಇದೆ. ಎಲೆಯನ್ನು ಶೇಕಡಾ 3ರ ಸಿಟ್ರಿಕ್ ಆಮ್ಲದ ನೀರಿನಲ್ಲಿ ಕನಿಷ್ಠ 24 ಗಂಟೆ ನೆನೆಸಿ, ಆಮೇಲೆ ಎಣ್ಣೆಗೆ ಹಾಕುವುದು. ಅಳತೆಯನ್ನು ಅವರು ಹೇಳಿದಂತೆಯೇ ಇಡಬೇಕು, ಅಂದಾಜಿಗೆ ನಿಂಬೆರಸ ಹಿಂಡಿದರೆ ಅದಕ್ಕೆ ಸಮ ಆಗುವುದಿಲ್ಲ. ನಾನೂ ಒಮ್ಮೆ ಮಾಡಿದೆ. ಹುಳಿಗೆ ಹಸಿರು ಮಾಸಿ ಎಲೆ ಕಂದು ತಿರುಗಿತು. ನನಗೆ ಆ ಬಣ್ಣವೇ ಬೇಕಿತ್ತು, ಹಾಗಾಗಿ ಮತ್ತೆ ಹಳೆಯ ದಾರಿಗೇ ಬಂದೆ.

ಈ ಎಣ್ಣೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಏನೂ ಕರಿಯುವುದಿಲ್ಲ. ಒಲೆಯಿಂದ ಇಳಿಸಿದ ಸೂಪಿನ ಮೇಲೆ ಒಂದು ಚಮಚ. ಬೇಯಿಸಿದ ಆಲೂಗಡ್ಡೆಯ ಮೇಲೆ, ಮೊಟ್ಟೆಯ ಮೇಲೆ. ನನಗೆ ಎಲ್ಲಕ್ಕಿಂತ ಇಷ್ಟ ದಪ್ಪಗೆ ಕತ್ತರಿಸಿದ ಹಣ್ಣು ಟೊಮ್ಯಾಟೊ. ಉಪ್ಪು ಉದುರಿಸಿ ಐದು ನಿಮಿಷ ಬಿಟ್ಟರೆ ರಸ ಬಿಡುತ್ತದೆ. ಅದರ ಮೇಲೆ ಎಣ್ಣೆ ಸುರಿದಾಗ ಕೆಂಪು ರಸದಲ್ಲಿ ಹಸಿರು ಚುಕ್ಕೆಗಳು ತೇಲುತ್ತವೆ. ತಟ್ಟೆಯಲ್ಲಿ ಉಳಿದ ಆ ರಸಕ್ಕಾಗಿಯೇ ಒಂದು ತುಂಡು ಬ್ರೆಡ್ ಎತ್ತಿಟ್ಟುಕೊಂಡಿರುತ್ತೇನೆ.