ಅಜ್ಜನ ಮನೆಯ ಚಿಲಕಕ್ಕೆ ಬಫ್ ಹಿಡಿದ ಅನುಭವ

ಬೆಳಗಾವಿಯ ಶಹಾಪುರದಲ್ಲಿ ನಮ್ಮ ಅಜ್ಜನ ಮನೆ. ದುರಸ್ತಿ ಶುರುವಾದಾಗ ಬಾಗಿಲುಗಳ ಚಿಲಕ, ಕೊಂಡಿ, ಬಳೆ ಎಲ್ಲ ಬಿಚ್ಚಿದೆವು. ಒಟ್ಟು 14 ಸಾಮಾನು. ಮೇಲೆ ಹಸಿರು ಎಣ್ಣೆಬಣ್ಣ. ಕಬ್ಬಿಣ ಅಂತಲೇ ತಿಳಿದಿದ್ದೆವು. ಅಯಸ್ಕಾಂತ ಹಿಡಿದೆ, ಅಂಟಲಿಲ್ಲ. ಚಾಕುವಿನಿಂದ ಸ್ವಲ್ಪ ಕೆರೆದರೆ ಹಿತ್ತಾಳೆ!

ಹಳೇ ಬಣ್ಣದಲ್ಲಿ ಸೀಸ ಇರಬಹುದು. ಅದಕ್ಕೇ ಒಣದಾಗಿ ಉಜ್ಜಲಿಲ್ಲ. ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ಅರ್ಧ ಗಂಟೆ ಇಟ್ಟೆ. ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಿಲ್ಲ.

ಇನ್ನು ಉಜ್ಜುವ ಕಾಗದ. ನಿಜವಾದ ಕೆಲಸ ಇರುವುದೇ ಇಲ್ಲಿ. ಮೊದಲ ಎರಡು ಚಿಲಕಕ್ಕೆ ಅವಸರ ಮಾಡಿ ನೇರ ಬಫ್, ಅಂದರೆ ಹೊಳಪು ಕೊಡುವ ತಿರುಗುವ ಬಟ್ಟೆ ಚಕ್ರ, ಹಿಡಿದೆ. ಚಿಲಕ ಹೊಳೆಯಿತು, ಜೊತೆಗೆ ಒಂದೊಂದು ಗೀರೂ ಹೊಳೆಯಿತು. ಆಮೇಲೆ 220, 400, 600, 800 ನಂಬರಿನ ಕಾಗದದಿಂದ (ನಂಬರ್ ಹೆಚ್ಚಿದಷ್ಟೂ ನಯ) ಕ್ರಮವಾಗಿ ನೀರು ಹಚ್ಚಿ ಉಜ್ಜಿದೆ. ಪ್ರತಿ ಸಲ ಹಿಂದಿನದಕ್ಕೆ ಅಡ್ಡ ಉಜ್ಜಬೇಕು. ಹಳೇ ಗೆರೆ ಪೂರ್ತಿ ಹೋಗುವ ತನಕ ಮುಂದಿನ ಕಾಗದ ಮುಟ್ಟಬಾರದು. ಒಂದು ಚಿಲಕಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಬಫ್‌ಗೆ ಹತ್ತು ನಿಮಿಷ ಸಾಕಾಯಿತು.

ನನ್ನದು ಅರ್ಧ ಎಚ್‌ಪಿ ಬೆಂಚ್ ಗ್ರೈಂಡರ್ (ಮೇಜಿನ ಮೇಲೆ ಕೂರಿಸುವ ಸಾಣೆ ಯಂತ್ರ), ನಿಮಿಷಕ್ಕೆ 2880 ಸುತ್ತು. ಎರಡೂ ಬದಿಯ ಕಲ್ಲು ತೆಗೆದು 6 ಇಂಚಿನ ಬಟ್ಟೆ ಚಕ್ರ ಹಾಕಿದೆ. ಎಡಗಡೆಯ ನಟ್‌ಗೆ ಉಲ್ಟಾ ತಿರುಪು ಇರುತ್ತದೆ, ಗೊತ್ತಿಲ್ಲದೆ ಬಲ ಹಾಕಬೇಡಿ. ಒಂದು ಬದಿ ಹೊಲಿಗೆ ಹಾಕಿದ ಗಟ್ಟಿ ಚಕ್ರ, ಅದಕ್ಕೆ ಕಂದು ಟ್ರಿಪೋಲಿ ಸೋಪು (ಚಕ್ರಕ್ಕೆ ಹಚ್ಚುವ ಪಾಲಿಶ್ ಗಟ್ಟಿ). ಇನ್ನೊಂದು ಬದಿ ಸಡಿಲ ಚಕ್ರ, ಅದಕ್ಕೆ ಕೆಂಪು ರೂಜ್, ಕೊನೆಯ ಹೊಳಪಿನ ನಯವಾದ ಸೋಪು. ಒಂದರ ಸೋಪು ಇನ್ನೊಂದಕ್ಕೆ ತಾಗಿದರೆ ಆ ಚಕ್ರದಿಂದ ಕನ್ನಡಿ ಹೊಳಪು ಬರಲ್ಲ. ಒಂದಾದ ಮೇಲೆ ಸಾಮಾನು ತೊಳೆದೇ ಇನ್ನೊಂದಕ್ಕೆ ಹೋಗುತ್ತೇನೆ.

ಮೂರನೇ ದಿನ ಒಂದು ಚಿಲಕವನ್ನು ಚಕ್ರ ಕೈಯಿಂದ ಕಿತ್ತುಕೊಂಡು ಗೋಡೆಗೆ ಎಸೆಯಿತು. ಗಾರೆ ಕಿತ್ತುಬಂತು, ಚಿಲಕ ಬಾಗಿತು. ಆ ಚಕ್ರದ ಅಂಚು ಗಂಟೆಗೆ 80 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಓಡುತ್ತದೆ. ಚಿಲಕದ ಮೇಲಂಚನ್ನು ನಾನು ಚಕ್ರಕ್ಕೆ ಎದುರಾಗಿ ಕೊಟ್ಟಿದ್ದೆ. ನಮ್ಮೂರ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಪಾಲಿಶ್ ಕೆಲಸ ಮಾಡುವವರೊಬ್ಬರಿಗೆ ತೋರಿಸಿದೆ. ಚಕ್ರದ ನಡುವಿನಿಂದ ಕೆಳಗೆ ಹಿಡಿಯಿರಿ, ಬಟ್ಟೆ ಸಾಮಾನಿನ ಅಂಚಿನಿಂದ ಆಚೆಗೆ ಜಾರಬೇಕು, ಅಂಚಿನ ಮೇಲೆ ಬಂದು ಬೀಳಬಾರದು ಎಂದರು. ಅದೊಂದು ಮಾತಿನಿಂದ ಉಳಿದದ್ದೆಲ್ಲ ಕ್ಷೇಮವಾಗಿ ಆಯಿತು. ಕೈಗವಸು ಬೇಡ, ಚಕ್ರ ಅದನ್ನು ಬೆರಳ ಸಮೇತ ಎಳೆಯುತ್ತದೆ. ಬಿಸಿಯಾದರೆ ಪಕ್ಕದ ಬಕೆಟ್ ನೀರಲ್ಲಿ ಅದ್ದುವುದು, ಅಷ್ಟೇ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು. ತಿರುಪುಗಳನ್ನು ಮರದ ತುಂಡಿಗೆ ಕೂರಿಸಿ ಹಿಡಿದೆ.

ಒಂದು ಬಳೆಯ ತಟ್ಟೆಯಲ್ಲಿ ತಾವರೆ ಕೆತ್ತನೆ ಇತ್ತು. ಗಟ್ಟಿ ಚಕ್ರಕ್ಕೆ ಕೊಟ್ಟೆ. ಎರಡು ಎಸಳಿನ ಗೆರೆ ಮಾಸಿತು. ಈಗಲೂ ಬೇಜಾರು. ಅದರ ಜೋಡಿ ತಟ್ಟೆಗೆ ಚಕ್ರ ಮುಟ್ಟಿಸಲೇ ಇಲ್ಲ, ಹುಣಸೆಹಣ್ಣು, ಉಪ್ಪು ಹಚ್ಚಿ ಮೆತ್ತನೆ ಬ್ರಷ್‌ನಿಂದ ತಿಕ್ಕಿದೆ.

ಕೊನೆಗೆ ಸಂದಿಗಳಲ್ಲಿ ಕೂತ ಕಪ್ಪು ಸೋಪನ್ನು ಸೀಮೆಎಣ್ಣೆಯಿಂದ ಒರೆಸಿ, ಬಿಸಿ ಸಾಬೂನು ನೀರಲ್ಲಿ ತೊಳೆದು, ತಕ್ಷಣ ಒಣಗಿಸಿದೆ. ನಮ್ಮ ಊರಿನ ಮಳೆಗಾಲದ ತೇವಕ್ಕೆ ಹಿತ್ತಾಳೆ ಬೇಗ ಕಂದುತ್ತದೆ ಅಲ್ವಾ, ಹಾಗಾಗಿ ತಲೆಬಾಗಿಲಿನ ಸಾಮಾನಿಗೆ ತೆಳ್ಳಗೆ ಮೇಣ ಹಚ್ಚಿದ್ದೇನೆ. ಒಳಗಿನವು ಹಾಗೇ ಇವೆ. ಬಾಗಿದ ಚಿಲಕವನ್ನು ನೇರ ಮಾಡಿ ಅಜ್ಜನ ಕೋಣೆಗೇ ಹಾಕಿದೆವು.