ಹಿಮಾಲಯನ್ 411: ಲೋಡು ಹೊತ್ತು ಘಟ್ಟ ಹತ್ತುವ ಬಲವನ್ನು ನಾನು ಪಡೆದ ಬಗೆ

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಓಡಿಸುವವರಲ್ಲಿ ಹೆಚ್ಚಿನವರ ದೂರು ಒಂದೇ. ಒಬ್ಬರೇ ಇದ್ದಾಗ ಬೈಕು ಎಲ್ಲಿಗೆ ಬೇಕಾದರೂ ಹತ್ತುತ್ತದೆ. ಹಿಂದೆ ಇನ್ನೊಬ್ಬರು ಕುಳಿತು, ಎರಡೂ ಪಕ್ಕ ಪೆಟ್ಟಿಗೆ ಕಟ್ಟಿದ ಮೇಲೆ ಘಟ್ಟದ ತಿರುವಿನಲ್ಲಿ ಉಸಿರು ಕಟ್ಟಿ, ಮೂರನೇ ಗೇರಿನಿಂದ ಎರಡಕ್ಕೆ ಇಳಿಸದೆ ಮುಂದೆ ಸಾಗುವುದಿಲ್ಲ. ನನ್ನದು 2018ರ ಬಿಎಸ್4 (ಹಿಂದಿನ ಹೊಗೆ ನಿಯಮದ ಹಂತ) ಬೈಕು. ನನ್ನ ಹೆಂಡತಿಯೂ ನಾನೂ ದೂರದ ಊರುಗಳಿಗೆ ಹೋಗುವುದು ಅದರಲ್ಲೇ ಆದ್ದರಿಂದ, ಲೋಡು ಇರುವಾಗ ಅದು ಸುಲಭವಾಗಿ ಎಳೆಯುವಂತೆ ಮಾಡಬೇಕೆಂದು ಹಂತಹಂತವಾಗಿ ಕೆಲಸ ಮಾಡಿದೆ. ಅದರಲ್ಲಿ ಯಾವುದು ನಿಜವಾಗಿ ಫಲ ಕೊಟ್ಟಿತು, ಯಾವುದನ್ನು ನಾನು ಬೇಕೆಂದೇ ಕೈಬಿಟ್ಟೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎಂಜಿನ್ನಿನ ಗುಣ ತಿಳಿಯಬೇಕು. ಇದರ ಬೋರ್ (ಸಿಲಿಂಡರಿನ ಒಳವ್ಯಾಸ) 78 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 86 ಮಿ.ಮೀ. ಸಂಪೀಡನ ಅನುಪಾತ 9.5:1. ಸುಮಾರು 24.5 ಅಶ್ವಶಕ್ತಿ ದೊರೆಯುವುದು 6,500 ಆರ್‌ಪಿಎಂನಲ್ಲಿ. ಗರಿಷ್ಠ ಟಾರ್ಕ್ (ತಿರುಚು ಬಲ) 32 ನ್ಯೂಟನ್ ಮೀಟರ್ ದೊರೆಯುವುದು 4,000ದಿಂದ 4,500ರ ಆಸುಪಾಸಿನಲ್ಲಿ. ಲೆಕ್ಕ ಹಾಕಿದರೆ 4,250 ಆರ್‌ಪಿಎಂನಲ್ಲಿ ಎಂಜಿನ್ ಕೊಡುವುದು ಸುಮಾರು 19 ಅಶ್ವಶಕ್ತಿ. 6,500ಕ್ಕೆ ಹೋದಾಗ ಶಕ್ತಿ ಹೆಚ್ಚಿದರೂ ಟಾರ್ಕ್ ಸುಮಾರು 27 ನ್ಯೂಟನ್ ಮೀಟರಿಗೆ ಇಳಿದಿರುತ್ತದೆ. ಸ್ಟ್ರೋಕ್ ಇಷ್ಟು ಉದ್ದವಾಗಿರುವುದರಿಂದ 6,500ರಲ್ಲೇ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 18.6 ಮೀಟರ್ ಮುಟ್ಟುತ್ತದೆ. ಗಾಳಿ ಮತ್ತು ಆಯಿಲ್‌ನಿಂದ ತಣಿಯುವ, ದಿನವಿಡೀ ಓಡಬೇಕಾದ ಸಿಂಗಲ್ ಸಿಲಿಂಡರ್ ಎಂಜಿನ್ನನ್ನು ಇದಕ್ಕಿಂತ ಮೇಲಕ್ಕೆ ಓಡಿಸಿ ಶಕ್ತಿ ಪಡೆಯಲು ಹೋಗುವುದು ಅದರ ಸ್ವಭಾವಕ್ಕೆ ವಿರುದ್ಧ. ಆದ್ದರಿಂದ ನಾನು ಗಮನ ಕೊಟ್ಟಿದ್ದು 2,500ರಿಂದ 5,500ರ ನಡುವಿನ ಭಾಗಕ್ಕೆ ಮಾತ್ರ.

ಟಾಪ್ ಸ್ಪೀಡ್ ಹೆಚ್ಚಿಸುವ ಆಸೆಯನ್ನೂ ಆರಂಭದಲ್ಲೇ ಬಿಟ್ಟೆ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 100 ಕಿ.ಮೀ.ನಿಂದ 110ಕ್ಕೆ ಹೋಗಲು ಆ ಲೆಕ್ಕದಲ್ಲಿ ಮೂರನೇ ಒಂದು ಪಾಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಪಕ್ಕದ ಪೆಟ್ಟಿಗೆಗಳು ಗಾಳಿಗೆ ಎದುರಾಗಿರುವ ಬೈಕಿನಲ್ಲಿ ಅಂತಹ ಶಕ್ತಿಯನ್ನು ಈ ಎಂಜಿನ್ನಿನಿಂದ ಸುರಕ್ಷಿತವಾಗಿ ಪಡೆಯಲಾಗದು. ನಲವತ್ತು ಅಶ್ವಶಕ್ತಿಯೇ ಬೇಕೆನ್ನುವವರು 2023ರ ಕೊನೆಗೆ ಬಂದ ಹಿಮಾಲಯನ್ 450 ಕೊಳ್ಳುವುದು ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಹಳೆಯ 411ಕ್ಕೆ ಹಣ ಸುರಿದು ಅದನ್ನು 450 ಮಾಡಲು ಆಗುವುದಿಲ್ಲ.

ಯಾವುದನ್ನೂ ಬಿಚ್ಚುವ ಮುನ್ನ ಅಳತೆಯ ಕ್ರಮವೊಂದನ್ನು ಗೊತ್ತು ಮಾಡಿಕೊಂಡೆ. ಹೊಸ ಬಿಡಿಭಾಗ ಹಾಕಿದ ಕೂಡಲೇ ಪಿಕಪ್ ಹೆಚ್ಚಿದಂತೆ ಮನಸ್ಸಿಗೆ ತೋರುವುದು ಸಹಜ, ಸದ್ದು ಹೆಚ್ಚಾದರಂತೂ ಇನ್ನಷ್ಟು. ಅದಕ್ಕಾಗಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕುಣಿಗಲ್ ದಾಟಿದ ಮೇಲೆ ಸಿಗುವ ಸಮತಟ್ಟಾದ ಒಂದು ಭಾಗವನ್ನು ಆರಿಸಿಕೊಂಡು, ಬೆಳಗಿನ ಹೊತ್ತು ವಾಹನಗಳಿಲ್ಲದಾಗ, ನಾಲ್ಕನೇ ಗೇರಿನಲ್ಲಿ 50ರಿಂದ 80 ಕಿ.ಮೀ. ವೇಗಕ್ಕೆ ಏರಲು ಹಿಡಿಯುವ ಸಮಯವನ್ನು ಜಿಪಿಎಸ್ ಸಹಾಯದಿಂದ ಎರಡೂ ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯುತ್ತಿದ್ದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಸುಮಾರು ಶೇ. 9 ಕಡಿಮೆ ಇರುವುದರಿಂದ, ಟರ್ಬೊ ಇಲ್ಲದ ಯಾವುದೇ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಒಂದು ಅಳತೆಯನ್ನು ಕರಾವಳಿಯಲ್ಲಿ, ಇನ್ನೊಂದನ್ನು ಬಯಲುಸೀಮೆಯಲ್ಲಿ ತೆಗೆದರೆ ಹೋಲಿಕೆಗೆ ಅರ್ಥವಿಲ್ಲ. ಲೋಡಿನ ಪರೀಕ್ಷೆಗೆ ಶಿರಾಡಿ ಘಾಟಿಯಲ್ಲಿ ಗುಂಡ್ಯದಿಂದ ಮಾರನಹಳ್ಳಿಯವರೆಗಿನ ಏರನ್ನು ಇಟ್ಟುಕೊಂಡೆ.

ಕೆಲಸ ಶುರುವಾದದ್ದು ಟ್ಯಾಪೆಟ್‌ನಿಂದ, ಎಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರ್ ಎಂಬ ತೋಳಿಗೂ ನಡುವಿನ ಸಂದು ಸರಿಮಾಡುವುದರಿಂದ. ಹೊಸ ಶಕ್ತಿ ಸೇರಿಸುವ ಮಾತಿಗಿಂತ ಮೊದಲು, ಬೈಕು ಹೊಸದಿದ್ದಾಗ ಇದ್ದ ಶಕ್ತಿ ಈಗಲೂ ಇದೆಯೇ ಎಂದು ನೋಡಬೇಕು. ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಬೇಕು. ಬಿಸಿ ಎಂಜಿನ್ನಿನಲ್ಲಿ ತೆಗೆದ ಅಳತೆ ನಂಬಲು ಬರುವುದಿಲ್ಲ. ಟ್ಯಾಂಕ್ ಇಳಿಸಿ, ಪ್ಲಗ್ ಬಿಚ್ಚಿ, ಪಿಸ್ಟನ್ ಸಂಪೀಡನದ ಹೊಡೆತದಲ್ಲಿ ತುತ್ತತುದಿಗೆ ಬರುವಂತೆ ಕ್ರ್ಯಾಂಕ್ ತಿರುಗಿಸಿ ಗುರುತು ಕೂಡಿಸಬೇಕು. ಆಗ ಎರಡೂ ರಾಕರ್‌ಗಳು ಬೆರಳಿಗೆ ಕೊಂಚ ಅಲುಗಾಡಬೇಕು. ಇನ್‌ಲೆಟ್ ರಾಕರ್ ಸಣ್ಣಗೆ ಟಕ್ ಟಕ್ ಎಂದಿತು. ಎಕ್ಸಾಸ್ಟ್ ರಾಕರ್ ಕದಲಲೇ ಇಲ್ಲ. ಮ್ಯಾನ್ಯುಯಲ್‌ನಲ್ಲಿ ಹೇಳಿದ ದಪ್ಪದ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು) ಎಲೆ ಒಳಗೆ ತೂರಲಿಲ್ಲ, ಅದಕ್ಕಿಂತ ತೆಳುವಾದದ್ದು ಬಿಗಿಯಾಗಿ ಹೋಯಿತು. ಬಹಳ ದೂರ ಓಡಿದ ಎಂಜಿನ್ನಿನಲ್ಲಿ ವಾಲ್ವು ತನ್ನ ಸೀಟಿನೊಳಕ್ಕೆ ನಿಧಾನವಾಗಿ ಕೂರುತ್ತಾ ಹೋಗುವುದರಿಂದ ಸಂದು ಕಿರಿದಾಗುತ್ತದೆ, ಸದ್ದೂ ಕಡಿಮೆಯಾಗುತ್ತದೆ. ಎಂಜಿನ್ ಸದ್ದಿಲ್ಲದೆ ಚೆನ್ನಾಗಿ ಓಡುತ್ತಿದೆ ಎಂದು ಸವಾರ ಸಂತೋಷಪಡುವಾಗಲೇ ಒಳಗೆ ಎಕ್ಸಾಸ್ಟ್ ವಾಲ್ವು ಪೂರ್ತಿ ಮುಚ್ಚದೆ, ಸೀಟಿಗೆ ಶಾಖ ದಾಟಿಸಲಾಗದೆ, ಅಂಚು ಸುಟ್ಟುಕೊಳ್ಳುತ್ತಿರಬಹುದು. ಕೆಳ ಆರ್‌ಪಿಎಂನಲ್ಲಿ ಒತ್ತಡ ಸೋರಿ ಎಳೆತ ತಗ್ಗುವುದಕ್ಕೂ ಇದು ಕಾರಣ.

ಲಾಕ್‌ನಟ್ ಸಡಿಲಿಸಿ, ಸರಿಯಾದ ಎಲೆಯನ್ನು ಸಂದಿನಲ್ಲಿಟ್ಟು, ಸ್ಕ್ರೂವನ್ನು ಕಾಲು ಸುತ್ತಿಗಿಂತಲೂ ಕಡಿಮೆ ತಿರುಗಿಸುತ್ತಾ, ಎಲೆಯನ್ನು ಎಳೆದಾಗ ತಡೆಯೂ ಗೊತ್ತಾಗಬೇಕು, ಎಲೆ ಬಾಗಲೂಬಾರದು ಎಂಬ ಹದಕ್ಕೆ ತಂದೆ. ನಟ್ ಬಿಗಿ ಮಾಡುವಾಗ ಸ್ಕ್ರೂ ಜೊತೆಗೇ ತಿರುಗಿ ಅಳತೆ ಕೆಡುವುದು ಸಾಮಾನ್ಯ. ಆದ್ದರಿಂದ ಬಿಗಿ ಮಾಡಿದ ಮೇಲೆ ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿ ಮತ್ತೆ ಅಳೆಯಲೇಬೇಕು. ಈ ಕೆಲಸಕ್ಕೆ ಖರ್ಚಾದದ್ದು ಸಮಯ ಮಾತ್ರ, ಆದರೆ ಕುಣಿಗಲ್ ರಸ್ತೆಯ ಅಳತೆಯಲ್ಲಿ ಅದರ ಫಲ ಸ್ಪಷ್ಟವಾಗಿ ಕಂಡಿತು.

ಉಳಿದ ಶುಚಿಕೆಲಸ ಒಂದೇ ದಿನದಲ್ಲಿ ಮುಗಿಯಿತು. ಥ್ರಾಟಲ್ ಬಾಡಿಯ ತಟ್ಟೆಯಂಚಿಗೆ ಕಟ್ಟಿದ್ದ ಕಾರ್ಬನ್ ತೆಗೆದೆ, ಪ್ಲಗ್ ಹೊಸದು ಹಾಕಿದೆ, ಇಂಜೆಕ್ಟರನ್ನು ಸ್ವಚ್ಛಗೊಳಿಸಲು ಕೊಟ್ಟೆ, ಚೈನ್ ಸರಿಯಾದ ಸಡಿಲಕ್ಕೆ ತಂದೆ, ಹಿಡಿದುಕೊಳ್ಳುತ್ತಿದ್ದ ಹಿಂದಿನ ಬ್ರೇಕಿನ ಕ್ಯಾಲಿಪರ್ ಪಿನ್ನುಗಳಿಗೆ ಗ್ರೀಸು ಹಚ್ಚಿದೆ. ಆಯಿಲ್ ಕೂಲರಿನ ರೆಕ್ಕೆಗಳ ನಡುವೆ ಕೂತಿದ್ದ ಕೆಮ್ಮಣ್ಣನ್ನು ಮೆತ್ತನೆಯ ಬ್ರಷ್ಷು, ನೀರಿನಿಂದ ತೆಗೆದದ್ದನ್ನು ಬೇರೆಯಾಗಿಯೇ ಹೇಳಬೇಕು. ಮಲೆನಾಡಿನ ಮಳೆಗಾಲ ಕಳೆದ ಪ್ರತಿ ಬೈಕಿನಲ್ಲೂ ಇದನ್ನು ನೋಡಬಹುದು. ಪ್ರೆಶರ್ ವಾಷರ್ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಏರ್ ಫಿಲ್ಟರ್ ಮತ್ತು ಸೈಲೆನ್ಸರ್ ಬದಲಿಸಲು ಎಲ್ಲರೂ ಮೊದಲು ಹೇಳುತ್ತಾರೆ. ನಾನು ಎರಡನ್ನೂ ಕಂಪನಿಯದ್ದೇ ಉಳಿಸಿಕೊಂಡೆ. ಹೆಚ್ಚು ಗಾಳಿ ಬಿಡುವ ಹತ್ತಿಯ ಫಿಲ್ಟರಿನಿಂದ ಈ ಎಂಜಿನ್ನಿಗೆ ಮಧ್ಯದ ಆರ್‌ಪಿಎಂನಲ್ಲಿ ಸಿಗುವ ಲಾಭ ಅತ್ಯಲ್ಪ, ಏಕೆಂದರೆ ಅಲ್ಲಿ ಗಾಳಿಯ ಹರಿವನ್ನು ತಡೆಯುತ್ತಿರುವುದು ಫಿಲ್ಟರ್ ಅಲ್ಲ. ಮಣ್ಣುರಸ್ತೆಯ ಸೂಕ್ಷ್ಮ ಧೂಳು ಸಿಲಿಂಡರಿಗೆ ಹೋಗುವ ಅಪಾಯ ಮಾತ್ರ ನಿಜ. ಸೈಲೆನ್ಸರ್ ವಿಷಯದಲ್ಲಿ ಕಾರಣ ಇನ್ನೂ ನೇರ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯುವುದು ಹೊಗೆಯ ನಿಯಮಕ್ಕೆ ವಿರುದ್ಧ, ಮತ್ತು ಮೂಡಿಗೆರೆಯ ಕಾಫಿ ತೋಟಗಳ ನಡುವೆ ನಸುಕಿನಲ್ಲಿ ಹಾದುಹೋಗುವಾಗ ಊರೆಲ್ಲ ಎಚ್ಚರಗೊಳ್ಳುವಂತಹ ಸದ್ದು ಮಾಡುವ ಹಕ್ಕು ಯಾರಿಗೂ ಇಲ್ಲ.

ನಿಜವಾದ ಬದಲಾವಣೆ ಬಂದದ್ದು ಪೆಟ್ರೋಲಿನ ಮಿಶ್ರಣವನ್ನು ತಿದ್ದಿದಾಗ. ಬೈಕಿನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಒಂದೇ ವೇಗದಲ್ಲಿ ಹಗುರವಾಗಿ ಓಡುವಾಗ ಆಕ್ಸಿಜನ್ ಸೆನ್ಸರಿನ ಮಾತು ಕೇಳಿ, ಇಂಧನವೂ ಗಾಳಿಯೂ ಪೂರ್ತಿ ಉರಿಯುವ ಸಮತೂಕಕ್ಕೆ ಮಿಶ್ರಣವನ್ನು ಹಿಡಿದಿಡುತ್ತದೆ. ಥ್ರಾಟಲ್ ಹೆಚ್ಚು ತೆರೆದಾಗ ಸೆನ್ಸರನ್ನು ಬದಿಗಿಟ್ಟು, ಕಾರ್ಖಾನೆಯಲ್ಲಿ ಬರೆದಿಟ್ಟ ಕೋಷ್ಟಕದಂತೆ ಇಂಧನ ಚಿಮ್ಮಿಸುತ್ತದೆ. ಆ ಕೋಷ್ಟಕ ಬರೆದ ಕಾಲದ ಪೆಟ್ರೋಲು ಬೇರೆ, ಈಗಿನದು ಬೇರೆ. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. ಈಗ ಬಹುತೇಕ ಬಂಕುಗಳಲ್ಲಿ ಸಿಗುವುದು ಅದೇ. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ, ಇ20ಗೆ ಸುಮಾರು 13.5 ಪಾಲು ಸಾಕು. ಎಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಹಳೆಯ ಕೋಷ್ಟಕದಂತೆ ಚಿಮ್ಮಿಸಿದರೆ ಲೋಡಿನಲ್ಲಿ, ಅದೂ ಏರಿನಲ್ಲಿ, ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಎಳೆತ ಕುಗ್ಗುತ್ತದೆ.

ಇದನ್ನು ಊಹೆಯಲ್ಲಿ ಬಿಡದೆ ಅಳೆದೆ. ಹೊಗೆ ಹೊರಬರುವ ಬೆಂಡ್ ಪೈಪಿಗೆ ಒಂದು ನಟ್ ವೆಲ್ಡ್ ಮಾಡಿಸಿ, ಮಿಶ್ರಣವನ್ನು ನಿಖರವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸಿದೆ. ಸೆನ್ಸರಿನ ತುದಿ ಕೆಳಮುಖವಾಗಿ ಇಳಿಜಾರಿನಲ್ಲಿರಬೇಕು, ಇಲ್ಲದಿದ್ದರೆ ತಣ್ಣನೆಯ ಎಂಜಿನ್ ಚಾಲೂ ಮಾಡಿದಾಗ ಹೊಗೆಯಲ್ಲಿನ ನೀರು ಅದರಲ್ಲಿ ನಿಂತು ಒಡೆದುಹೋಗುತ್ತದೆ. ಮೀಟರನ್ನು ಗಾಳಿ-ಇಂಧನ ಅನುಪಾತದಲ್ಲಿ ಓದದೆ ಲ್ಯಾಂಬ್ಡಾದಲ್ಲಿ ಓದಿದೆ. ಎಥನಾಲ್ ಎಷ್ಟೇ ಬೆರೆತಿದ್ದರೂ ಸಮತೂಕ ಎಂದರೆ ಲ್ಯಾಂಬ್ಡಾ 1 ಆಗಿಯೇ ಇರುವುದರಿಂದ ಗೊಂದಲವಿಲ್ಲ, 1ಕ್ಕಿಂತ ಕಡಿಮೆ ಎಂದರೆ ಇಂಧನ ಹೆಚ್ಚು. ಮೂರನೇ ಗೇರಿನಲ್ಲಿ ಏರು ಹತ್ತುತ್ತಾ ಥ್ರಾಟಲ್ ಪೂರ್ತಿ ತೆರೆದಾಗ, ಟಾರ್ಕ್ ಹೆಚ್ಚಿರಬೇಕಾದ ಜಾಗದಲ್ಲೇ ಮೀಟರು 0.95ರ ಆಚೀಚೆ ತೋರಿಸುತ್ತಿತ್ತು. ಗಾಳಿಯಿಂದ ತಣಿಯುವ ಎಂಜಿನ್ನಿಗೆ ಅಲ್ಲಿ 0.87ರಿಂದ 0.89 ಇದ್ದರೆ ಬಲವೂ ಚೆನ್ನಾಗಿರುತ್ತದೆ, ಹೆಚ್ಚಿನ ಇಂಧನ ಆವಿಯಾಗುವಾಗ ಶಾಖವನ್ನೂ ಹೀರಿಕೊಳ್ಳುತ್ತದೆ.

ತಿದ್ದುಪಡಿಗೆ ಬೆಂಗಳೂರಿನ ರೇಸ್ ಡೈನಾಮಿಕ್ಸ್ ಸಂಸ್ಥೆಯ ಪವರ್‌ಟ್ರಾನಿಕ್ ಎಂಬ ಪಿಗ್ಗಿಬ್ಯಾಕ್ ಇಸಿಯು ಬಳಸಿದೆ. ಅದು ಮೂಲ ಇಸಿಯುವಿಗೂ ಇಂಜೆಕ್ಟರಿಗೂ ನಡುವೆ ಕುಳಿತು, ಹಾದುಹೋಗುವ ಸಂಕೇತವನ್ನು ನಾವು ಹೇಳಿದಷ್ಟು ಹಿಗ್ಗಿಸುತ್ತದೆ. ತಂತಿ ಕತ್ತರಿಸಬೇಕಾಗಿಲ್ಲ, ಕಪ್ಲರ್ ಬಿಚ್ಚಿದರೆ ಬೈಕು ಮೊದಲಿನಂತೆಯೇ ಆಗುತ್ತದೆ. ಥ್ರಾಟಲ್ ಅರ್ಧಕ್ಕಿಂತ ಹೆಚ್ಚು ತೆರೆದ ಸಾಲುಗಳಲ್ಲಿ ಮಾತ್ರ, ಸ್ವಲ್ಪ ಸ್ವಲ್ಪವಾಗಿ, ಮೀಟರಿನಲ್ಲಿ ಬೇಕಾದ ಅಂಕಿ ಬರುವವರೆಗೆ ಇಂಧನ ಹೆಚ್ಚಿಸಿದೆ. ಅದಕ್ಕಿಂತ ಕೆಳಗಿನ ಸಾಲುಗಳನ್ನು ಮುಟ್ಟಲಿಲ್ಲ, ಏಕೆಂದರೆ ಅಲ್ಲಿ ನಾವು ಸೇರಿಸಿದ್ದನ್ನು ಮೂಲ ಇಸಿಯು ತನ್ನ ಸೆನ್ಸರ್ ನೋಡಿ ಕಳೆದುಬಿಡುತ್ತದೆ. ಹೀಗೆ ಮಾಡಿದ್ದರಿಂದ ಐಡ್ಲಿಂಗ್‌ನಲ್ಲಿ ಹೊಗೆ ತಪಾಸಣೆಯ ಅಂಕಿಯೂ ಬದಲಾಗಲಿಲ್ಲ.

ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಗಳಿಗೆ) ವಿಷಯದಲ್ಲಿ ಕೈ ಬಿಗಿ ಹಿಡಿದೆ. ಎಥನಾಲ್‌ನಿಂದ ಪೆಟ್ರೋಲಿನ ಆಕ್ಟೇನ್ (ತಾನಾಗಿ ಸಿಡಿಯದ ಗುಣ) ಏರುವುದು ನಿಜ, ಆದ್ದರಿಂದ ಎರಡು ಡಿಗ್ರಿಯಷ್ಟು ಮುಂದಕ್ಕೆ ತರಲು ಅವಕಾಶವಿತ್ತು. ಆದರೆ ಬೇಸಿಗೆಯ ಮಧ್ಯಾಹ್ನ, ಇಬ್ಬರ ಲೋಡು, ಕೆಳ ಆರ್‌ಪಿಎಂ, ಪೂರ್ತಿ ಥ್ರಾಟಲ್ ಇವೆಲ್ಲ ಕೂಡಿದಾಗ ನಾಕಿಂಗ್ (ಇಂಧನ ತಾನಾಗಿಯೇ ಸಿಡಿದು ಬಡಿಯುವುದು) ಶುರುವಾಗುವುದು ಇಂತಹ ಎಂಜಿನ್ನಿನಲ್ಲೇ. ಹಾಗಾಗಿ 3,500 ಆರ್‌ಪಿಎಂಗಿಂತ ಕೆಳಗೆ ಕಂಪನಿಯ ಟೈಮಿಂಗನ್ನೇ ಬಿಟ್ಟು, ಮೇಲೆ ಮಾತ್ರ ಎರಡು ಡಿಗ್ರಿ ಕೊಟ್ಟೆ.

ಚೈನ್ ಎಳೆಯುವ ಮುಂಭಾಗದ ಸ್ಪ್ರಾಕೆಟ್ (ಹಲ್ಲುಗಾಲಿ) ಬಗ್ಗೆಯೂ ಒಂದು ಮಾತು. ಕಂಪನಿ ಕೊಟ್ಟ 15 ಹಲ್ಲಿನ ಬದಲು 14 ಹಾಕಿದರೆ ಹಿಂದಿನ ಚಕ್ರಕ್ಕೆ ಶೇ. 7ರಷ್ಟು ಹೆಚ್ಚು ತಿರುಚು ಬಲ ಸಿಗುತ್ತದೆ, ಇಷ್ಟು ಕಡಿಮೆ ದುಡ್ಡಿಗೆ ಬೇರಾವುದೂ ಇಷ್ಟು ಕೊಡುವುದಿಲ್ಲ. ಹೆದ್ದಾರಿಯಲ್ಲಿ ಎಂಜಿನ್ ಅಷ್ಟೇ ಹೆಚ್ಚು ತಿರುಗುತ್ತದೆ ಎಂಬುದೇ ಅದಕ್ಕೆ ಕೊಡಬೇಕಾದ ಬೆಲೆ. ಸ್ಪಿತಿಯಂತಹ ಎತ್ತರದ ದಾರಿಗೆ ಹೋಗುವಾಗ 14 ಹಾಕುತ್ತೇನೆ, ನಮ್ಮ ರಸ್ತೆಗಳಿಗೆ 15 ಸಾಕು.

ಬೋರ್ ದೊಡ್ಡದು ಮಾಡಿಸುವ ಸಲಹೆ ಹಲವರಿಂದ ಬಂದಿತ್ತು. ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯಂತೆ, ಆರ್‌ಸಿಯಲ್ಲಿರುವ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿ ಇಂತಹ ಪ್ರತಿ ಮಾರ್ಪಾಡಿಗೂ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿ ದಂಡ ಅಥವಾ ಎರಡನ್ನೂ ಇಟ್ಟಿದೆ. ಸಿಸಿ ಬದಲಾದರೆ ಅದು ನೇರವಾಗಿ ಇದರ ವ್ಯಾಪ್ತಿಗೆ ಬರುತ್ತದೆ, ಅಪಘಾತವಾದಾಗ ವಿಮೆಯವರೂ ಅದನ್ನೇ ಎತ್ತುತ್ತಾರೆ. ಪಿಗ್ಗಿಬ್ಯಾಕ್ ಹಾಕಿದ ವಿಷಯವನ್ನು ನಾನು ವಿಮೆ ನವೀಕರಿಸುವಾಗ ಬರವಣಿಗೆಯಲ್ಲಿ ತಿಳಿಸಿದ್ದೇನೆ. ಹಾಕಿಸುವವರೆಲ್ಲರೂ ಹಾಗೆ ಮಾಡಬೇಕು.

ಎಲ್ಲ ಮುಗಿದ ಮೇಲೆ ನಾಲ್ಕನೇ ಗೇರಿನ ಅಳತೆಯಲ್ಲಿ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಉಳಿತಾಯ ಕಂಡಿತು, ಅದರಲ್ಲಿ ಅರ್ಧದಷ್ಟು ಟ್ಯಾಪೆಟ್ ಮತ್ತು ಶುಚಿಕೆಲಸದಿಂದಲೇ ಬಂದದ್ದು. ಶಿರಾಡಿಯಲ್ಲಿ ಮೊದಲು ಎರಡನೇ ಗೇರು ಬೇಡುತ್ತಿದ್ದ ತಿರುವುಗಳಲ್ಲಿ ಹೆಚ್ಚಿನವನ್ನು ಈಗ ಪೂರ್ತಿ ಲೋಡಿನಲ್ಲೂ ಮೂರರಲ್ಲೇ ದಾಟಬಹುದು. ಹೆದ್ದಾರಿಯ ಮೈಲೇಜ್ ಇದ್ದಂತೆಯೇ ಇದೆ, ಘಟ್ಟದಲ್ಲಿ ಸ್ವಲ್ಪ ಇಳಿದಿದೆ. ಇಂಧನ ಹೆಚ್ಚಿಸಿದ ಎಂಜಿನ್ನಿನಲ್ಲಿ ಆಯಿಲ್‌ಗೆ ಪೆಟ್ರೋಲ್ ಬೆರೆಯುವ ಸಾಧ್ಯತೆ ಇರುವುದರಿಂದ 15ಡಬ್ಲ್ಯೂ50 ಆಯಿಲನ್ನು ಕಂಪನಿ ಹೇಳಿದ್ದಕ್ಕಿಂತ ಮೊದಲೇ ಬದಲಿಸುತ್ತೇನೆ, ಆಗಲೇ ಪ್ಲಗ್ ಬಿಚ್ಚಿ ಬಣ್ಣ ನೋಡಿ, ಎಕ್ಸಾಸ್ಟ್ ಟ್ಯಾಪೆಟ್ಟಿಗೆ ಇನ್ನೊಮ್ಮೆ ಗೇಜ್ ಹಾಕುತ್ತೇನೆ. ಇ20 ಬಂದ ಮೇಲೆ ಹಳೆಯ ಇಂಧನ ಪೈಪನ್ನು ತೆಗೆದು ಎಥನಾಲ್ ತಡೆಯುವ ಪೈಪು ಹಾಕಿಸಿದ್ದೇನೆ. ಬಿಎಸ್4 ಬೈಕು ಇಟ್ಟುಕೊಂಡವರು ಎಂಜಿನ್ನಿಗೆ ಬೇರೇನೂ ಮಾಡದಿದ್ದರೂ ಆ ಪೈಪು ಗಟ್ಟಿಯಾಗಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಟ್ಯಾಂಕ್ ಇಳಿಸಿದಾಗಲೆಲ್ಲ ನೋಡಿಕೊಳ್ಳಬೇಕು.